ಹೊಳೆ ದಾಟಿದ ನಿರ್ಬಂಧ

ತೊಂಬತ್ತರ ದಶಕದ ಮಧ್ಯದಲ್ಲಿ ನನಗೆ ಪತ್ರಿಕೆಗಳಿಗೆ ಪತ್ರ ಬರೆಯುವ ಚಟ ಹತ್ತಿತ್ತು. ಕಳಸದಿಂದ ಮೂಡಿಗೆರೆ ಕಡೆಗೆ ಬರುವ ದಾರಿಯಲ್ಲಿ, ಹೊಳೆಯ ಈಚೆ ದಡದಲ್ಲಿ ನಮ್ಮೂರು. ಹದಿನಾಲ್ಕು ಮನೆ, ಎಲ್ಲರದೂ ಎರಡು ಮೂರು ಎಕರೆ ಕಾಫಿ. ತೋಟದ ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು, ನಾನು ಪ್ರಪಂಚದ ತಪ್ಪುಗಳನ್ನು ತಿದ್ದಲು ಕೂರುತ್ತಿದ್ದೆ. ನನ್ನ ಹೆಂಡತಿ ಅದಕ್ಕೆ ಅಮೆರಿಕಕ್ಕೆ ಬುದ್ಧಿ ಹೇಳುವ ಹೊತ್ತು ಎಂದು ಹೆಸರಿಟ್ಟಿದ್ದಳು. ಹತ್ತು ಪತ್ರ ಬರೆದರೆ ಒಂದು ಅಚ್ಚಾಗುತ್ತಿತ್ತು, ಅದೂ ಬಾಲ ಕತ್ತರಿಸಿಕೊಂಡು.

ಅಚ್ಚಾದವುಗಳಲ್ಲಿ ನನಗೆ ಬಹಳ ಹೆಮ್ಮೆಯಿದ್ದದ್ದು ಕ್ಯೂಬಾದ ಬಗ್ಗೆ ಬರೆದ ಪತ್ರ. ಅಮೆರಿಕ ತಾನು ಕ್ಯೂಬಾದ ಜೊತೆ ವ್ಯಾಪಾರ ಮಾಡದೆ ಇರುವುದು ಹಳೆಯ ಕತೆ. ಆ ವರ್ಷ ಹೊಸ ಕಾನೂನು ತಂದು, ಅಲ್ಲಿ ಕೆಲವು ಬಗೆಯ ವ್ಯವಹಾರ ಇಟ್ಟುಕೊಂಡ ಮೂರನೆಯ ದೇಶದ ಕಂಪನಿಯವರನ್ನೂ ಬಿಡುವುದಿಲ್ಲ ಎಂದಿತ್ತು. ನನಗೆ ಮೈಯೆಲ್ಲ ಉರಿಯಿತು. ನಿನ್ನ ಅಂಗಡಿಯ ಬಾಗಿಲನ್ನು ಯಾರಿಗೆ ಬೇಕಾದರೂ ಹಾಕಿಕೋ, ಪಕ್ಕದ ಅಂಗಡಿಗೆ ಹೋದವನ ಕಾಲು ಮುರಿಯಲು ನೀನು ಯಾರು ಎಂದು ಬರೆದಿದ್ದೆ. ಹೊಳೆಯಾಚೆಯ ಊರಿಗೆ ಕೊಟ್ಟಿದ್ದ ನನ್ನ ತಂಗಿ ಅದನ್ನು ಓದಿ, ಅಮೆರಿಕದವರು ಇನ್ನು ನಿದ್ದೆ ಮಾಡಿದ ಹಾಗೇ ಎಂದು ನಗೆಯಾಡಿದ್ದಳು.

ಆಗಷ್ಟೇ ಕಾಫಿಯನ್ನು ಸರ್ಕಾರದ ಮಂಡಳಿಗೇ ಕೊಡಬೇಕೆಂಬ ಕಟ್ಟು ಹೋಗಿ, ನಮ್ಮಂಥ ಸಣ್ಣ ಬೆಳೆಗಾರರು ಯಾರಿಗೆ ಬೇಕಾದರೂ ಮಾರಬಹುದು ಎಂದಾಗಿತ್ತು. ಸ್ವಾತಂತ್ರ್ಯದ ಬೆನ್ನಿಗೇ ವ್ಯಾಪಾರಿಗಳೂ ಬಂದರು. ಒಬ್ಬೊಬ್ಬರೇ ಅವರ ಕೈಗೆ ಸಿಕ್ಕಿದರೆ ಉಳಿಗಾಲವಿಲ್ಲ ಎಂದು ಹದಿನಾಲ್ಕು ಮನೆಯವರೂ ಸೇರಿ ಒಂದು ಸಂಘ ಮಾಡಿಕೊಂಡೆವು. ಎಲ್ಲರೂ ಕೈ ಹಾಕಿ ಒಂದು ಪಲ್ಪರ್ ತಂದು, ಹಳ್ಳದ ಪಕ್ಕ ಷೆಡ್ ಕಟ್ಟಿ ಕೂರಿಸಿದೆವು. ಕುಯ್ದ ಅರೇಬಿಕಾ ಹಣ್ಣಿನ ಸಿಪ್ಪೆಯನ್ನು ಅದೇ ದಿನ ಪಲ್ಪರ್‌ನಲ್ಲಿ ಸುಲಿದು, ಬೀಜ ತೊಳೆದು ಒಣಗಿಸಿದರೆ ಅದು ಪಾರ್ಚ್‌ಮೆಂಟ್, ಒಳ್ಳೆಯ ಬೆಲೆಯ ಮಾಲು. ಸುಲಿಯದೆ ಹಣ್ಣನ್ನೇ ಕಣದಲ್ಲಿ ಒಣಗಿಸಿದರೆ ಚೆರಿ, ಅದಕ್ಕೆ ಬೆಲೆ ಕಡಿಮೆ. ದೊಡ್ಡ ಎಸ್ಟೇಟುಗಳ ಪಲ್ಪರ್‌ಗಳು ನಮಗೆ ಸಿಗುತ್ತಿರಲಿಲ್ಲ, ಹೊಳೆಯಾಚೆಯವರಿಗೂ ಸಿಗುತ್ತಿರಲಿಲ್ಲ. ಹೀಗಾಗಿ ಅವರೂ ನಮ್ಮ ಷೆಡ್ಡಿಗೇ ಬರುತ್ತಿದ್ದರು. ಸಂಘದ ಅಧ್ಯಕ್ಷರು ಊರಿಗೇ ಹಿರಿಯರು, ರೇಡಿಯೊದ ಕ್ರಿಕೆಟ್ ಕಾಮೆಂಟರಿ ಎಂದರೆ ಪ್ರಾಣ ಬಿಡುವವರು. ನಾನು ಕಾರ್ಯದರ್ಶಿ. ಠರಾವು ಬರೆಯುವುದು, ಷೆಡ್ಡು ಮತ್ತು ಉಗ್ರಾಣದ ಬೀಗದ ಕೈ ಇಟ್ಟುಕೊಳ್ಳುವುದು ನನ್ನ ಕೆಲಸ.

ಪೇಟೆಯ ಒಬ್ಬ ವ್ಯಾಪಾರಿಗೆ ಮಾತ್ರ ಮಾಲು ಕೊಡಕೂಡದು ಎಂದು ಮೊದಲ ವರ್ಷವೇ ನಿರ್ಧಾರವಾಗಿತ್ತು. ಸ್ಯಾಂಪಲ್ ನೋಡುತ್ತೇನೆಂದು ಅವನು ಒಂದೊಂದು ಮೂಟೆಯಿಂದಲೂ ಬೊಗಸೆ ಬೊಗಸೆ ತೆಗೆಯುತ್ತಿದ್ದ. ಬಿಸಿಲಿಗೆ ಗಲಗಲ ಅನ್ನುವಷ್ಟು ಒಣಗಿದ ಬೀಜವನ್ನೂ ಬಾಯಿಗೆ ಹಾಕಿ ಕಚ್ಚಿ, ತೇವ ಇದೆ ಎನ್ನುತ್ತಿದ್ದ. ಎಲ್ಲರೂ ಒಟ್ಟಾಗಿ ಬಾಗಿಲು ಹಾಕಿದರೆ ದಾರಿಗೆ ಬರುತ್ತಾನೆ ಎಂಬುದು ನಮ್ಮ ನಂಬಿಕೆ. ಅದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ಆ ನಿರ್ಧಾರವನ್ನು ಮುರಿದವನು ನಮ್ಮ ಹದಿನಾಲ್ಕು ಮನೆಯಲ್ಲೇ ಒಬ್ಬ, ಕೆಳಮನೆಯವನು. ಒಂದು ಫೆಬ್ರವರಿಯಲ್ಲಿ ಕಾಲವಲ್ಲದ ಕಾಲದಲ್ಲಿ ಮೋಡ ಕಟ್ಟಿ ಮಳೆ ಬಂತು. ಅವನ ಪಾರ್ಚ್‌ಮೆಂಟ್ ಪೂರ್ತಿ ಒಣಗಿ ಕಣದಲ್ಲಿತ್ತು, ಮನೆಯೊಳಗೆ ಹಾಕಲು ಜಾಗವಿರಲಿಲ್ಲ. ಅದೇ ಹೊತ್ತಿಗೆ ಆ ವ್ಯಾಪಾರಿಯ ಲಾರಿ ರಸ್ತೆಯಲ್ಲಿ ಬಂತು. ಕೊಟ್ಟುಬಿಟ್ಟ. ಸಭೆಗೆ ಕರೆಸಿ ಕೇಳಿದಾಗ, ಸಂಘದ ಉಗ್ರಾಣಕ್ಕೆ ಓಡಿಬಂದೆ, ಬೀಗ ಹಾಕಿತ್ತು, ಕಾರ್ಯದರ್ಶಿಗಳು ಬಣಕಲ್‌ಗೆ ಮದುವೆಗೆ ಹೋಗಿದ್ದರು ಎಂದ. ನಾನು ಹೋಗಿದ್ದದ್ದು ನಿಜ. ಆದರೆ ಅವನ ಆ ಮಾತನ್ನು ನಾನು ಪುಸ್ತಕದಲ್ಲಿ ಬರೆಯಲಿಲ್ಲ. ಬರೆದದ್ದು ಇಷ್ಟು: ಕೆಳಮನೆಯವನಿಗೆ ಇನ್ನು ಮುಂದೆ ಪಲ್ಪರ್ ಇಲ್ಲ, ಊರಿನ ಯಾರೂ ಅವನ ಕುಯ್ಲಿಗೆ ಆಳಾಗಿ ಹೋಗುವಂತಿಲ್ಲ, ತಮ್ಮ ಕುಯ್ಲಿಗೆ ಆ ಮನೆಯವರನ್ನು ಕರೆಯುವಂತೆಯೂ ಇಲ್ಲ.

ಮುಂದಿನ ಕುಯ್ಲು ಬಂತು. ಅವನ ತೋಟದಲ್ಲಿ ಹಣ್ಣು ಉದುರುತ್ತದೆ, ಆಗ ಬಂದು ತಪ್ಪಾಯಿತು ಅನ್ನುತ್ತಾನೆ ಎಂದು ಕಾದಿದ್ದೆವು. ಉದುರಲಿಲ್ಲ. ಹೊಳೆಗೆ ಹಾಕಿದ್ದ ಕಾಲುಸೇತುವೆ, ನಮ್ಮ ಸಂಕ, ದಾಟಿ ಆಚೆ ಊರಿನವರು ಬಂದು ಕುಯ್ದುಕೊಟ್ಟರು. ಪಲ್ಪರ್ ಇಲ್ಲದಿದ್ದರೆ ಬೇಡ ಎಂದು ಅವನು ಹಣ್ಣನ್ನೇ ಕಣಕ್ಕೆ ಹರಡಿ, ನೆಮ್ಮದಿಯಾಗಿ ಬೀಡಿ ಸೇದುತ್ತಾ ಕೂತಿದ್ದ. ಆ ಬೀಡಿಯ ಹೊಗೆಯೇ ನಮ್ಮ ಸಂಘವನ್ನು ಅಣಕಿಸುವ ಹಾಗೆ ಕಾಣುತ್ತಿತ್ತು.

ಅಧ್ಯಕ್ಷರ ಜಗಲಿಯಲ್ಲಿ ಮತ್ತೆ ಸಭೆ ಸೇರಿತು. ಆಚೆಯವರು ಹೀಗೆ ಒದಗಿದರೆ ನಮ್ಮ ನಿಯಮಕ್ಕೆ ಮೂರು ಕಾಸಿನ ಬೆಲೆಯಿಲ್ಲ ಎಂದರು ಒಬ್ಬರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೆಳಮನೆಗೆ ಆಳಾಗಿ ಹೋಗುವವರು, ಆ ಮನೆಯ ಆಳು ಕರೆಯುವವರು ಯಾವ ಊರಿನವರೇ ಆಗಲಿ ಅವರಿಗೂ ಪಲ್ಪರ್ ಬಂದ್ ಎಂಬ ಸಲಹೆ ಬಂತು. ಯಾರೋ ನನ್ನ ಕಡೆ ತಿರುಗಿ, ಕ್ಯೂಬಾದವರಿಗೆ ಇದು ಒಪ್ಪಿಗೆಯೋ ಎಂದು ಕೆಣಕಿದರು. ಅಧ್ಯಕ್ಷರು ನನ್ನ ಪರವಾಗಿ ತಾವೇ ಉತ್ತರ ಕೊಟ್ಟರು. ಬಿಳಿಯರ ದಕ್ಷಿಣ ಆಫ್ರಿಕಕ್ಕೆ ಹೋಗಿ ಆಡಿದವರು ತಂಡದಲ್ಲಿದ್ದಾರೆ ಎಂದು ನಾವು ಇಂಗ್ಲೆಂಡಿನವರ ಪ್ರವಾಸವನ್ನೇ ಕಳೆದುಕೊಂಡಿರಲಿಲ್ಲವೇ, ಕ್ರಿಕೆಟ್ ನೋಡುವ ಆಸೆ ನಮಗಿರಲಿಲ್ಲವೇ, ಆಗ ಇದೇ ಕಾರ್ಯದರ್ಶಿ ಚಪ್ಪಾಳೆ ತಟ್ಟಿರಲಿಲ್ಲವೇ ಎಂದರು. ತಟ್ಟಿದ್ದೆ. ಕಾರಣ ದೊಡ್ಡದಾದರೆ ಕೈ ಉದ್ದವಾದರೂ ಪರವಾಗಿಲ್ಲ ಅನ್ನಿಸಿತು. ಎಂಥ ಸೊಗಸಾದ ವಾಕ್ಯಗಳಲ್ಲಿ ಆ ಎರಡನೇ ನಿಯಮ ಬರೆದೆನೆಂದರೆ, ಓದಿ ಹೇಳಿದಾಗ ಎಲ್ಲರೂ ತಲೆದೂಗಿದರು. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಡಿಸೆಂಬರಿನ ಒಂದು ಮಧ್ಯಾಹ್ನ, ರಸ್ತೆ ಸುತ್ತಿಕೊಂಡು ಬಂದ ಜೀಪ್ ಷೆಡ್ಡಿನ ಮುಂದೆ ನಿಂತಿತು. ಹಿಂದೆ ಹಣ್ಣಿನ ಮೂಟೆಗಳು, ಮುಂದೆ ಡ್ರೈವರ್ ಪಕ್ಕದಲ್ಲಿ ನನ್ನ ತಂಗಿ. ಕುಯ್ಲಿನ ಹಳೇ ಅಂಗಿ ತೊಟ್ಟು, ತಲೆಗೆ ಟವೆಲ್ ಕಟ್ಟಿದ್ದಳು. ಅವಳೂ ಗಂಡನೂ ಸೇರಿ ಹೊಸದಾಗಿ ಗಿಡ ಹಾಕಿ ಬೆಳೆಸಿದ ತಾಕಿನ ಮೊದಲ ಒಳ್ಳೆಯ ಫಸಲು ಅದು.

"ಅಣ್ಣಯ್ಯ, ಬೇಗ ಬಾಗ್ಲು ತೆಗಿ. ಮೂಟೇಲಿ ಹಣ್ಣು ಬಿಸಿಯಾಗ್ತಿದಾವೆ."

ಕೆಳಮನೆಯ ಕುಯ್ಲಿಗೆ ನೀವು ಹೋಗಿದ್ದಿರಂತಲ್ಲ ಎಂದು ಕೇಳಿದೆ. ಹೌದು, ಕೊಡಬೇಕಿದ್ದ ಎಂಟು ದಿನವೂ ಹೋಗಿದ್ದೆವು, ಅದರ ಮೇಲೆ ನಾಲ್ಕು ದಿನ ಹೆಚ್ಚಿಗೇ ಹೋಗಿದ್ದೆವು ಎಂದಳು, ಮುಚ್ಚಿಡುವುದು ಏನಿದೆ ಎನ್ನುವ ಹಾಗೆ. ಎರಡನೇ ನಿಯಮ ಹೇಳಿದೆ. ಅವಳು ಜೀಪಿನಿಂದ ಇಳಿದಳು.

"ನಿಮ್ಮೂರಿನ ಠರಾವು ನಮ್ಮೂರಿಗೆ ಎಂಥಕ್ಕೆ? ಹೋದ ವರ್ಷ ನಂಗೆ ಟೈಫಾಯ್ಡ್ ಆಗಿ ಮಲಗಿದ್ದಾಗ ಗಂಡ ಹೆಂಡ್ತಿ ಬಂದು ನಮ್ಮ ಹಣ್ಣು ಕುಯ್ದು ಕೊಟ್ಟಾರೆ. ಆ ಮುಯ್ಯಿ ತೀರಿಸ್ಬೇಡ್ವಾ? ನೀನು ಠರಾವು ಬರೆಯೋಕೆ ಮುಂಚಿನ ಮುಯ್ಯಿ ಅದು."

ನಮ್ಮ ಕಡೆ ಸಣ್ಣ ತೋಟಗಳು ಬದುಕಿರುವುದೇ ಮುಯ್ಯಾಳಿನ ಮೇಲೆ. ನಿನ್ನ ಕುಯ್ಲಿಗೆ ನಾನು ನಾಲ್ಕು ದಿನ ಬಂದರೆ ನನ್ನ ಕುಯ್ಲಿಗೆ ನೀನು ನಾಲ್ಕು ದಿನ ಬರಬೇಕು. ಕೂಲಿಯ ಮಾತಿಲ್ಲ, ಕಾಗದವಿಲ್ಲ. ಮುಯ್ಯಿ ತೀರಿಸದವನಿಗೆ ಮುಂದೆ ಯಾರೂ ಆಳು ಕೊಡುವುದಿಲ್ಲ. ಅವನ ಮನೆಗೆ ಹೆಣ್ಣು ಕೊಡುವವರೂ ಎರಡು ಸಲ ಯೋಚಿಸುತ್ತಾರೆ. ತಂಗಿ ಹೇಳಿದ್ದು ನ್ಯಾಯ ಎಂದು ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಆದರೆ ಷೆಡ್ಡಿನಲ್ಲಿ ನಾಲ್ಕೈದು ಜನ ನಿಂತು ನನ್ನ ಮುಖ ನೋಡುತ್ತಿದ್ದರು.

"ನಿಯಮ ಎಲ್ರಿಗೂ ಒಂದೇ ಕಣೇ" ಎಂದೆ.

ಅವಳು ಮತ್ತೆ ಜೀಪ್ ಹತ್ತಿದಳು. ಗಾಡಿ ತಿರುಗಿಸು ಎಂದು ಡ್ರೈವರ್‌ಗೆ ಹೇಳಿದಳು. ಒಡಹುಟ್ಟಿದವಳನ್ನೂ ಬಿಡಲಿಲ್ಲ, ಎಂಥ ಮನುಷ್ಯ ಎಂದು ಷೆಡ್ಡಿನಲ್ಲಿದ್ದವರು ಹೊಗಳಿದರು. ಆ ಹೊಗಳಿಕೆ ಕೇಳಿ ನನಗೆ ಖುಷಿಯಾಯಿತು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಆ ಖುಷಿ ಮನೆ ತಲುಪುವವರೆಗೂ ಇತ್ತು. ನಡೆದದ್ದನ್ನು ಕೇಳಿದ ಹೆಂಡತಿ ಊಟ ಬಡಿಸಿ ಎದ್ದು ಹೋದಳು.

ಅಪ್ಪ ಅಮ್ಮ ತೀರಿಕೊಂಡ ಮೇಲೆ ತಂಗಿಗೆ ತವರು ಅಂತ ಇದ್ದದ್ದು ನಾನೊಬ್ಬನೇ. ತಿಂಗಳಿಗೊಮ್ಮೆಯಾದರೂ ಸಂಕ ದಾಟಿ ಬಂದು ಹೋಗುವವಳು. ಅವಳು ಇನ್ನು ಬಾರದೆ ಹೋದರೆ ಎಂಬ ಯೋಚನೆ ತಲೆ ಬಿಡಲಿಲ್ಲ. ಮೂರನೆಯ ದಿನ ಮನಸ್ಸು ತಡೆಯದೆ ಅವಳ ಮನೆಗೆ ಹೋದೆ. ಕಣದ ತುಂಬ ಕೆಂಪು ಹಣ್ಣು ಹರಡಿಕೊಂಡಿತ್ತು. ಪಾರ್ಚ್‌ಮೆಂಟ್ ಆಗಬೇಕಿದ್ದದ್ದೆಲ್ಲ ಚೆರಿಯಾಗಲು ಬಿಸಿಲಿಗೆ ಬಿದ್ದಿತ್ತು. ಅವಳು ಹಲಗೆಯಲ್ಲಿ ಅದನ್ನು ಎಳೆಯುತ್ತಿದ್ದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಒಂದು ಉಪಾಯ ನನ್ನ ಹತ್ತಿರ ಇತ್ತು. ಇನ್ನು ಮೇಲೆ ಕುಯ್ಯುವ ಹಣ್ಣನ್ನಾದರೂ ಷೆಡ್ಡಿನವರೆಲ್ಲ ಊಟಕ್ಕೆ ಹೋಗುವ ಹೊತ್ತಿಗೆ ಜೀಪಿನಲ್ಲಿ ಕಳಿಸು, ನಾನೇ ನಿಂತು ಸುಲಿಸಿಕೊಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದೆ.

ಅವಳು ಹಲಗೆ ನಿಲ್ಲಿಸಿದಳು. "ನಂಗೊಬ್ಳಿಗೆ ಅಂತ ತೆಗಿಯೋ ಬಾಗ್ಲು ನಂಗೆ ಬೇಡ, ಅಣ್ಣಯ್ಯ. ತೆಗಿಯೋದಾದ್ರೆ ಕೆಳಮನೆಯವ್ರಿಗೂ ತೆಗಿ. ಅಲ್ಲೀವರೆಗೂ ನಾನು ಆ ದಡಕ್ಕೆ ಕಾಲಿಡೋದಿಲ್ಲ."

ಕೂರು ಎಂದಳು, ಕಾಫಿ ಕೊಟ್ಟಳು. ಎಲ್ಲ ಮರ್ಯಾದೆಯೂ ಆಯಿತು. ಸಂಕ್ರಾಂತಿಗೆ ಎಳ್ಳು ತರುವವಳು ಆ ವರ್ಷ ಬರಲಿಲ್ಲ.

ಸಂಕ್ರಾಂತಿ ಕಳೆದ ವಾರವೇ ನಾನು ಸಭೆ ಕರೆದೆ. ಎರಡನೇ ನಿಯಮ ತೆಗೆದುಹಾಕಬೇಕು ಎಂದೆ. ನಮ್ಮ ಊರಿನೊಳಗೆ ನಾವು ಏನು ಬೇಕಾದರೂ ಮಾಡಿಕೊಳ್ಳಬಹುದು, ಹೊಳೆಯಾಚೆಯವರು ನಮ್ಮ ಸಂಘಕ್ಕೆ ಸೇರಿದವರಲ್ಲ, ನಮ್ಮ ಸಭೆಯಲ್ಲಿ ಕೈಯೆತ್ತಿದವರಲ್ಲ, ಅವರ ಹಳೇ ಮುಯ್ಯಿಯನ್ನು ಮುರಿಯಲು ನಮಗೆ ಹಕ್ಕಿಲ್ಲ ಎಂದು ಚೆನ್ನಾಗಿಯೇ ಮಾತಾಡಿದೆ. ಎಲ್ಲರೂ ಕೇಳಿದರು. ಕೊನೆಗೆ ಅಧ್ಯಕ್ಷರು ಹೇಳಿದರು:

"ನಿನ್ನ ತಂಗಿ ಜೀಪಿಗಿಂತ ಮುಂಚೆ ಮೂರು ಜೀಪ್ ವಾಪಸ್ ಹೋಗಿದ್ವಲ್ಲ ಮಾರಾಯ. ಆಗ ಈ ನ್ಯಾಯ ಎಲ್ಲಿಗೆ ಹೋಗಿತ್ತು?"

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಬೇರೆಯವರ ತಂಗಿಯರು ವಾಪಸ್ ಹೋದಾಗ ನಾನು ಬೀಗದ ಕೈ ಬೆರಳಿಗೆ ಸುತ್ತಿಕೊಂಡು ಎದೆಯುಬ್ಬಿಸಿ ನಿಂತಿದ್ದೆ. ನಿಯಮ ಹಾಗೇ ಉಳಿಯಿತು.

ಫೆಬ್ರವರಿಯಲ್ಲಿ ರೊಬಸ್ಟಾ ಹಣ್ಣಾಯಿತು. ನಾನು ಬೆಳಿಗ್ಗೆ ಎದ್ದು ಕುಕ್ಕೆ ತೆಗೆದುಕೊಂಡು, ಯಾರೂ ಕರೆಯದೆ, ತಂಗಿಯ ತೋಟಕ್ಕೆ ಹೋದೆ. ನಮ್ಮ ಠರಾವಿನಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ, ಮೂರನೇ ನಿಯಮ ಬರೆಯುವಷ್ಟು ನಾವಿನ್ನೂ ಮುಂದುವರಿದಿರಲಿಲ್ಲ. ಕುಕ್ಕೆ ಹಿಡಿದು ಬಂದ ಆಳನ್ನು ವಾಪಸ್ ಕಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ತಂಗಿ ಒಂದು ಸಾಲು ತೋರಿಸಿದಳು. ಮೂರು ದಿನ ಕುಯ್ದೆ. ಅವಳ ಗಂಡ ಮಳೆ, ಬೆಲೆ ಎಂದು ಅಷ್ಟಿಷ್ಟು ಮಾತಾಡಿದ. ಅವಳು ಮಧ್ಯಾಹ್ನ ಊಟಕ್ಕೆ ಕರೆದದ್ದು ಬಿಟ್ಟರೆ ಬೇರೆ ಮಾತಾಡಲಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಮೂರು ಆಳಿನ ಮುಯ್ಯಿ ಅವಳ ಮೇಲೆ ಕೂತಿತು, ನನ್ನ ಕುಯ್ಲಿಗೆ ಅವಳು ಬರಲೇಬೇಕು, ಹೊಳೆ ದಾಟಲೇಬೇಕು. ಅದು ಪ್ರೀತಿಯೋ ಕುತಂತ್ರವೋ ನನಗೆ ಗೊತ್ತಿಲ್ಲ, ಎರಡೂ ಇದ್ದಿರಬೇಕು.

ನನ್ನ ರೊಬಸ್ಟಾ ಕುಯ್ಲು ಶುರುವಾದ ದಿನ ಬೆಳಿಗ್ಗೆಯೇ ತೋಟದ ಬೇಲಿ ದಾಟುವ ತಡಬೆಯ ಹತ್ತಿರ ನಿಂತು ಸಂಕದ ದಾರಿ ನೋಡುತ್ತಿದ್ದೆ. ಕುಯ್ಲಿಗೆ ಬಂದಿದ್ದ ಅಕ್ಕಪಕ್ಕದ ಮನೆಯವರು ಆಗಲೇ ಸಾಲು ಹಿಡಿದಿದ್ದರು. ಆ ದಾರಿಯಲ್ಲಿ ಯಾರೂ ಬರಲಿಲ್ಲ. ಬಂದದ್ದು ಕೆಳಗಿನ ದಾರಿಯಲ್ಲಿ, ಕೆಳಮನೆಯವನ ಹೆಂಡತಿ. ಸೊಂಟಕ್ಕೆ ಚೀಲ ಕಟ್ಟಿ, ಕೈಯಲ್ಲಿ ಕುಕ್ಕೆ ಹಿಡಿದಿದ್ದಳು. ತಡಬೆಯ ಆಚೆಗೇ ನಿಂತಳು.

"ನಿಮ್ಮ ತಂಗಿ ಕಳ್ಸಿದ್ರು, ಅಣ್ಣ. ಅವ್ರು ನಿಮಗೆ ಮೂರು ಆಳು ಕೊಡ್ಬೇಕಂತೆ. ನಾವು ಅವ್ರಿಗೆ ನಾಲ್ಕು ಕೊಡ್ಬೇಕು. ಮೂರನ್ನ ನಿಮ್ಮಲ್ಲೇ ತೀರಿಸು ಅಂದ್ರು."

ಮುಯ್ಯಿಯನ್ನು ಹಾಗೆ ಒಬ್ಬರ ಬದಲು ಒಬ್ಬರು ತೀರಿಸುವುದು ಇದ್ದದ್ದೇ. ಬೇಡ ಅಂದರೆ ತಂಗಿಯ ಮುಯ್ಯಿಯನ್ನೇ ತಳ್ಳಿದ ಹಾಗೆ. ಬಾ ಅಂದರೆ ನಾನು ಬರೆದ ನಿಯಮ ನನ್ನ ಮೇಲೇ ಬೀಳುತ್ತದೆ. ಸಾಲುಗಳಲ್ಲಿ ಕೈಗಳು ನಿಂತಿದ್ದವು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಷೆಡ್ಡಿನ ಮುಂದೆ ನೋಡಿದ್ದರಲ್ಲ, ಹಾಗೇ. ಆ ಹೆಂಗಸು ಮಾತ್ರ ನೆಲ ನೋಡುತ್ತಿದ್ದಳು. ಹೋಗು ಎಂದರೆ ಹೋಗಲು ಕಾಲು ಆಗಲೇ ತಿರುಗಿಸಿಕೊಂಡು ನಿಂತಿದ್ದಳು. ಅದನ್ನು ಕಂಡು ನನಗೆ ನಾಚಿಕೆಯಾಯಿತು. ಇಷ್ಟು ದಿನ ನಾನು ಹೋರಾಡುತ್ತಿದ್ದದ್ದು ಈ ಕಾಲುಗಳ ಮೇಲೆ.

ದಾಟಿ ಬಾ ಎಂದೆ. ನನ್ನ ಹೆಂಡತಿ ಮೇಲಿನ ಸಾಲಿನಿಂದಲೇ ಅವಳನ್ನು ಕರೆದು ತನ್ನ ಪಕ್ಕದ ಗಿಡ ತೋರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ನಾನೂ ಪಕ್ಕದ ಸಾಲಿಗೆ ಬಂದೆ. ಅವತ್ತು ಉಗ್ರಾಣಕ್ಕೆ ಬೀಗ ಇತ್ತು ಎಂದು ನಿನ್ನ ಗಂಡ ಹೇಳಿದ್ದ, ಅದನ್ನು ನಾನು ಬರೆಯಲಿಲ್ಲ ಎಂದೆ. ಗೊತ್ತು ಎಂದಳು. ಕೊಂಬೆ ಬಗ್ಗಿಸಿ ಹಣ್ಣು ಕುಯ್ಯುವುದನ್ನು ನಿಲ್ಲಿಸಲಿಲ್ಲ.

ಸಂಜೆ ಬೀಗದ ಕೈ ತೆಗೆದುಕೊಂಡು ಅಧ್ಯಕ್ಷರ ಮನೆಗೆ ಹೋದೆ. ಎರಡನೇ ನಿಯಮದ ಪ್ರಕಾರ ನನಗೂ ಪಲ್ಪರ್ ಬಂದ್, ಇದನ್ನು ನೀವೇ ಇಟ್ಟುಕೊಳ್ಳಿ ಎಂದೆ. ಅವರು ರೇಡಿಯೊ ಸಣ್ಣಗೆ ಮಾಡಿ, ಕೈ ಚಾಚದೆ ಕೂತೇ ಇದ್ದರು. ತಮ್ಮ ಸೊಸೆಯ ತವರೂ ಹೊಳೆಯಾಚೆ ಎಂದರು. ಆ ತವರಿನವರೂ ಕೆಳಮನೆಗೆ ಮುಯ್ಯಿಗೆ ಹೋಗಿದ್ದರು, ಹಿಂದಿನ ವಾರ ಸೊಸೆ ತವರಿನ ಕುಯ್ಲಿಗೆ ಹೋದಾಗ ಪಕ್ಕದ ಸಾಲಿನಲ್ಲಿ ಕೆಳಮನೆಯ ಇದೇ ಹೆಂಗಸು ಇದ್ದಳು, ಇಬ್ಬರೂ ಒಂದೇ ಬುತ್ತಿ ಬಿಚ್ಚಿ ತಿಂದಿದ್ದರು. ಅವರು ಒಂದೊಂದೇ ಮನೆ ಹೆಸರಿಸುತ್ತಾ ಬಂದರು. ಹೊಳೆಯ ಎರಡೂ ಕಡೆ ಕೊಟ್ಟು ತಂದವರೇ ಎಲ್ಲ. ಒಬ್ಬರ ಆಳು ಇನ್ನೊಬ್ಬರಲ್ಲಿ, ಅವರ ಆಳು ಮತ್ತೊಬ್ಬರಲ್ಲಿ.

"ನಿಯಮದ ಪ್ರಕಾರ ಹೋದ್ರೆ, ಈ ಬೀಗದ ಕೈ ಹಿಡಿಯೋ ಯೋಗ್ಯತೆ ಇರೋ ಒಂದು ಮನೆ ಉಳ್ದಿಲ್ಲ ಮಾರಾಯ" ಎಂದರು.

ಮಾರನೆಯ ವಾರ ಎರಡನೇ ನಿಯಮವನ್ನು ಹೊಡೆದುಹಾಕಿದೆವು. ಉಗ್ರಾಣದ ಬೀಗದ ವಿಷಯವನ್ನು ನಾನೇ ನಿಂತು ಹೇಳಿ, ಪುಸ್ತಕದಲ್ಲಿ ಬರೆದೆ. ಕೆಳಮನೆಯವನಿಗೆ ಪಲ್ಪರ್ ಬಾಗಿಲೂ ತೆರೆಯಿತು. ಆ ವ್ಯಾಪಾರಿಗೆ ಮಾತ್ರ ನಾವು ಮಾಲು ಕೊಡಲಿಲ್ಲ. ಅವನು ದಾರಿಗೂ ಬರಲಿಲ್ಲ, ಬೇರೆ ಊರುಗಳಲ್ಲಿ ಬೊಗಸೆ ಬೊಗಸೆ ಸ್ಯಾಂಪಲ್ ತೆಗೆದುಕೊಂಡು ಚೆನ್ನಾಗಿಯೇ ಇದ್ದ.

ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ದೇಶ ಬಾಂಬು ಪರೀಕ್ಷೆ ಮಾಡಿತು. ಅಮೆರಿಕ ಮತ್ತು ಇನ್ನು ಕೆಲವರು ನಮ್ಮ ಮೇಲೆಯೇ ನಿರ್ಬಂಧ ಹಾಕಿದರು. ಕಳಸದ ಹೋಟೆಲಿನಲ್ಲಿ ಸಿಕ್ಕವರೆಲ್ಲ, ಬರೆಯಿರಿ ಒಂದು ಪತ್ರ, ಬಿಡಬೇಡಿ ಎಂದರು. ಕೂತೆ, ನಾಲ್ಕು ಸಾಲು ಬರೆದೆ, ಹರಿದೆ. ಅಮೆರಿಕದ ಬಗ್ಗೆ ನನ್ನ ಅಭಿಪ್ರಾಯವೇನೂ ಬದಲಾಗಿರಲಿಲ್ಲ. ತನ್ನ ಬಾಗಿಲು ಹಾ‍ಕಿಕೊಳ್ಳುವುದು ಬೇರೆ, ಇನ್ನೊಬ್ಬರ ಬಾಗಿಲಿಗೆ ಬೀಗ ಜಡಿಯುವುದು ಬೇರೆ ಎಂದು ಆಮೇಲಿನ ದಶಕದಲ್ಲಿ ಇರಾನಿನ ಮಾತು ಬಂದಾಗಲೂ ವಾದಿಸಿದ್ದೇನೆ. ಆದರೆ ಮೊದಲು ಬರೆಯುವಾಗ ಒಂದು ವಿಷಯ ನನಗೆ ತಿಳಿದಿರಲಿಲ್ಲ. ಸುತ್ತ ಹತ್ತು ಮೈಲಿಗೆ ಒಂದೇ ಪಲ್ಪರ್ ಇದ್ದು, ಅದರ ಬೀಗದ ಕೈ ನಿಮ್ಮಲ್ಲಿದ್ದರೆ, ಎಲ್ಲೆ ಎಲ್ಲಿ ಮುಗಿಯುತ್ತದೆ ಎನ್ನುವುದೇ ಮರೆತುಹೋಗುತ್ತದೆ. ಪ್ರಪಂಚದವರೆಲ್ಲ ಬಂದು ಹಣ್ಣು ಸುಲಿಸಿಕೊಳ್ಳಬೇಕಾದ ಡಾಲರಿನ ಷೆಡ್ಡು ಅಮೆರಿಕದವರದು. ಅವರ ಜಾಗದಲ್ಲಿ ನಾನಿದ್ದರೆ ಅವರಿಗಿಂತ ಸೊಗಸಾಗಿ ಠರಾವು ಬರೆಯುತ್ತಿದ್ದೆ. ಪತ್ರ ಬರೆಯುವ ಚಟ ಅಲ್ಲಿಗೆ ಕಡಿಮೆಯಾಯಿತು, ಹೆಂಡತಿಗೆ ಸಂಜೆ ಹೊತ್ತು ಒಬ್ಬ ಆಳು ಸಿಕ್ಕಿದ.

ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು, ತಂಗಿಯನ್ನು ಕರೆತರಲು ಹೋದೆ. ಹೊಳೆ ತುಂಬಿ ಸಂಕದ ಕೆಳಗೆ ಕೆಂಪಗೆ ಹೋಗುತ್ತಿತ್ತು. ಬರುತ್ತಾಳೋ ಇಲ್ಲವೋ ಎಂಬ ಅಳುಕು ಅವಳ ಅಂಗಳ ಮುಟ್ಟುವವರೆಗೂ ಇತ್ತು. ಅವಳು ಬಾಗಿನವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು, ಹೊರಡುತ್ತೇನೆ ಇರು ಎಂದಳು. ಆರು ತಿಂಗಳಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದದ್ದನ್ನು ಕೇಳಿಬಿಟ್ಟೆ. ಮುಯ್ಯಿಗೆ ನೀನೇ ಯಾಕೆ ಬರಲಿಲ್ಲ, ಅವಳನ್ನು ಯಾಕೆ ಕಳಿಸಿದೆ?

"ನಾನು ಬಂದಿದ್ರೆ ನೀನು ತೋಟಕ್ಕೆ ಬಿಡ್ತಿದ್ದೆ, ಅಣ್ಣಯ್ಯ. ಅದು ನಂಗೆ ಗೊತ್ತಿತ್ತು. ಅವ್ಳನ್ನ ಬಿಡ್ತೀಯ ಅಂತ ಗೊತ್ತಿರ್ಲಿಲ್ಲ."

ಬಿಡದೇ ಇದ್ದಿದ್ದರೆ ಎಂದು ಕೇಳಿದೆ. ಅವಳು ಬಾಗಿನದ ಮೊರವನ್ನು ದೇವರ ಮುಂದೆ ಇಟ್ಟು ಬಂದಳು.

"ಬಿಡ್ದೇ ಇದ್ದಿದ್ರೆ ಇವತ್ತು ನಿಂಗೂ ಈ ಕಡೆ ಬಾಗ್ಲು ಇರ್ತಿರ್ಲಿಲ್ಲ" ಎಂದಳು. ಆಮೇಲೆ ಸೀರೆ ಬದಲಾಯಿಸಲು ಒಳಗೆ ಹೋದಳು.